ಒಂಬತ್ತು ಮನೆಗಳ ಕಟ್ಟ

ಹನ್ನೆರಡನೆಯ ಭೇಟಿಗೆ ಅಕ್ಕ ಬರಲಿಲ್ಲ.

ಬಂಟ್ವಾಳ ಪೇಟೆಯ ಒಂದು ಔಷಧಿ ಅಂಗಡಿಯ ಮೇಲಿನ ಮಾಳಿಗೆಯಲ್ಲಿ ನನ್ನ ಕೋಣೆ ಇತ್ತು. ಎರಡು ಕುರ್ಚಿ, ಒಂದು ಮೇಜು, ನನಗೆ ಮಾತ್ರ ಕಾಣುವ ಹಾಗೆ ತಿರುಗಿಸಿಟ್ಟ ಗಡಿಯಾರ. ನಾನು ಮೂಡಬಿದಿರೆಯ ಒಂದು ಆಸ್ಪತ್ರೆಯಲ್ಲಿ ಆಪ್ತಸಮಾಲೋಚಕಿ. ಮಂಗಳವಾರ ಮತ್ತು ಶುಕ್ರವಾರ ಆಸ್ಪತ್ರೆಯ ಪರವಾಗಿ ಇಲ್ಲಿ ಬಂದು ಕೂರುತ್ತಿದ್ದೆ. ಆ ದಿನ ಹನ್ನೆರಡು ಗಂಟೆಯವರೆಗೂ ಕಾದೆ. ಫೋನ್ ಮಾಡಿದರೆ ಸ್ವಿಚ್ ಆಫ್ ಎಂದಿತು.

ನಮ್ಮಲ್ಲಿ ಇದಕ್ಕೆ ಕ್ರಮವಿದೆ. ಎರಡು ಸಲ ಕರೆ ಮಾಡಬೇಕು, ಒಂದು ಸಂದೇಶ ಕಳಿಸಬೇಕು, ಮೂರು ವಾರ ಬರದಿದ್ದರೆ ಫೈಲು ಮುಚ್ಚಬೇಕು. ಹಿಂದಿನ ವರ್ಷ ಮಿಜಾರಿನಲ್ಲಿ ಓದುತ್ತಿದ್ದ ಒಬ್ಬ ಹುಡುಗಿಯ ಫೈಲನ್ನು ನಾನು ಹಾಗೆಯೇ ಮುಚ್ಚಿದ್ದೆ. ಆಕೆ ಕಾಲೇಜು ಬಿಟ್ಟು ಎಲ್ಲಿಗೋ ಹೋದಳು ಎಂದು ಆಮೇಲೆ ತಿಳಿಯಿತು. ಎಲ್ಲಿಗೆ ಎಂದು ಅವಳ ಗೆಳತಿಯರಿಗೂ ಗೊತ್ತಿರಲಿಲ್ಲ. ಕ್ರಮದ ಪ್ರಕಾರ ನನ್ನದೇನೂ ತಪ್ಪಿರಲಿಲ್ಲ. ಆದರೂ ಬಸ್ಸಿನಲ್ಲಿ ಅವಳ ಹಾಗೆ ಜಡೆ ಹಾಕಿದ ಯಾರನ್ನು ಕಂಡರೂ ಬಗ್ಗಿ ಮುಖ ನೋಡುವ ಅಭ್ಯಾಸ ನನಗೆ ಅಂಟಿಕೊಂಡಿತ್ತು.

ಅಕ್ಕನ ಹೆಸರು ಇಲ್ಲಿ ಹೇಳುವಂತಿಲ್ಲ. ಅವಳ ಊರಿನವರು ಕರೆಯುವ ಹಾಗೆ ನಾನೂ ಅಕ್ಕ ಎನ್ನುತ್ತೇನೆ. ಬೆಳ್ತಂಗಡಿ ಬಳಿಯ ಲಾಯಿಲದಿಂದ ಒಳಕ್ಕೆ, ತೋಡು ಎನ್ನುವ ಸಣ್ಣ ಹಳ್ಳದ ಬದಿಯ ಒಂಬತ್ತು ಮನೆಗಳಲ್ಲಿ ಅವಳದೂ ಒಂದು. ಮನೆಯಲ್ಲೇ ಕೂತು ಬೀಡಿ ಕಟ್ಟುವವಳು. ಎರಡು ಮಳೆಗಾಲದ ಹಿಂದೆ, ಒಂದು ಮಧ್ಯಾಹ್ನ, ಗುಡ್ಡದ ಮೇಲೆಲ್ಲೋ ಸುರಿದ ಮಳೆಗೆ ಆ ಸಣ್ಣ ತೋಡು ಉಕ್ಕಿ ಅಂಗಳಕ್ಕೆ ನುಗ್ಗಿತ್ತು. ಅಕ್ಕ ಅತ್ತೆಯ ಕೈ ಹಿಡಿದು ಹೊರಗೆ ಕರೆತರುವಾಗ ಕೈ ಜಾರಿತು. ಅತ್ತೆಯ ದೇಹ ಮರುದಿನ ಸಿಕ್ಕಿತು. ಕೆಲವು ತಿಂಗಳಾದ ಮೇಲೆ ಅಕ್ಕನ ಬಲಗೈಗೆ ಜೋಮು ಹಿಡಿಯತೊಡಗಿತು. ಬೀಡಿಗೆ ನೂಲು ಸುತ್ತಲು ಬೆರಳು ಬಾರದಾಯಿತು. ನರದ ಪರೀಕ್ಷೆ ಎಲ್ಲ ಆಗಿ, ದೋಷವೇನೂ ಇಲ್ಲ ಎಂದಾದ ಮೇಲೆ ನನ್ನ ಬಳಿ ಕಳಿಸಿದ್ದರು.

ಹನ್ನೊಂದು ಭೇಟಿಗಳಲ್ಲಿ ನಾನು ಕಲಿತದ್ದನ್ನೆಲ್ಲ ಮಾಡಿದ್ದೆ. ಮೊದಲು ಉಸಿರಾಟ, ಆಮೇಲೆ ಯೋಚನೆಗಳನ್ನು ಬರೆದಿಡುವ ಹಾಳೆ, ಆಮೇಲೆ ಆ ದಿನದ ಘಟನೆಯನ್ನು ನಿಧಾನವಾಗಿ, ವರ್ತಮಾನದಲ್ಲಿ ನಡೆಯುತ್ತಿರುವಂತೆ ಹೇಳಿಸುವುದು. "ಬಾಗಿಲು ದಾಟಿದೆವು" ಎನ್ನುವಲ್ಲಿಗೆ ಅವಳು ಪ್ರತಿಸಲ ನಿಲ್ಲಿಸುತ್ತಿದ್ದಳು. ಭಯಕ್ಕೆ ಹತ್ತರಲ್ಲಿ ಎಷ್ಟು ಅಂಕ ಎಂದು ಕೇಳಿದರೆ ಎಂಟು. ಮುಂದಿನ ವಾರವೂ ಎಂಟು. ಒಮ್ಮೆ ಮಾತ್ರ ನಾಲ್ಕು ಎಂದಳು. ಹೇಗೆ ಇಳಿಯಿತು ಎಂದು ನಾನು ಉತ್ಸಾಹದಿಂದ ಕೇಳಿದೆ.

"ನಿಮಗೆ ಬೇಸರ ಆಗ್ಬಾರ್ದು ಅಂತ ಮೇಡಂ."

ಇನ್ನೊಂದು ಮಾತು. ನಮ್ಮಿಬ್ಬರ ಮನೆಮಾತೂ ತುಳು. ಆದರೆ ನನ್ನ ಹಾಳೆಗಳು ಕನ್ನಡದಲ್ಲಿದ್ದವು. ಹಾಗಾಗಿ ಅವಳು ಶಾಲೆಯಲ್ಲಿ ಪಾಠ ಒಪ್ಪಿಸುವ ಹಾಗೆ ನಿಧಾನವಾಗಿ ಕನ್ನಡದಲ್ಲಿ ಉತ್ತರಿಸುತ್ತಿದ್ದಳು, ನಾನು ಅಷ್ಟೇ ನಿಧಾನವಾಗಿ ಪ್ರಶ್ನೆ ಕೇಳುತ್ತಿದ್ದೆ. ಇದು ವಿಚಿತ್ರ ಎಂದು ನನಗೆ ಹನ್ನೊಂದು ವಾರ ಅನ್ನಿಸಲೇ ಇಲ್ಲ.

ಗುರುವಾರ ರಜೆ ಹಾಕಿ ಅವಳ ಮನೆಗೆ ಹೋದೆ. ಯಾರಿಗೂ ಹೇಳಲಿಲ್ಲ. ರೋಗಿಯ ಮನೆಗೆ ಹೇಳದೆ ಕೇಳದೆ ಹೋಗುವುದು ನಮ್ಮಲ್ಲಿ ಸಣ್ಣ ತಪ್ಪಲ್ಲ. ಲಾಯಿಲದಲ್ಲಿ ಇಳಿದು ಜೀಪು ಹತ್ತಿದೆ. ಆ ಮನೆಯಲ್ಲಿ ಏನನ್ನು ಕಾಣಬೇಕಾಗುತ್ತದೋ ಎಂಬ ಯೋಚನೆಯನ್ನು ದಾರಿಯುದ್ದಕ್ಕೂ ತಳ್ಳುತ್ತಾ ಹೋದೆ.

ಅಕ್ಕ ಜಗಲಿಯಲ್ಲಿ ಬೀಡಿಯ ಮೊರ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಎಡಗೈಯಲ್ಲೇ ಎಲೆ ಸುತ್ತಲು ನೋಡುತ್ತಿದ್ದಳು. ನನ್ನನ್ನು ಕಂಡು ಗಾಬರಿಯಿಂದ ಎದ್ದಳು.

"ಫೋನ್ ಹಾಳಾಗಿದೆ ಮೇಡಂ. ಅದಕ್ಕೆ ನೀವು ಇಲ್ಲಿವರೆಗೆ ಬಂದದ್ದಾ?"

ನಾನು ತುಳುವಿನಲ್ಲಿ, ಇನ್ನು ಬರುವುದಿಲ್ಲವಾ ಎಂದು ಕೇಳಿದೆ. ಅವಳು ಕೂರಲು ಚಾಪೆ ಹಾಸಿದಳು. ಆಮೇಲೆ ಅವಳೂ ತುಳುವಿನಲ್ಲೇ ಹೇಳಿದಳು: "ಬಂದು ಎಂತ ಮಾಡುವುದು? ಅಲ್ಲಿ ಬಂದಾಗ ನಾನು ಸರಿಯೇ ಇರ್ತೇನೆ. ಕಾಯಿಲೆ ಇರುವುದು ಇಲ್ಲಿ."

ಹಿಂದಿರುಗುವಾಗ ಮೇಲಿನ ಮನೆಯ ಹೆಂಗಸು ನನ್ನನ್ನು ತಡೆದು ನಿಲ್ಲಿಸಿದರು. ಅವರದು ಆ ಒಂಬತ್ತರಲ್ಲಿ ಎತ್ತರದಲ್ಲಿರುವ, ತಾರಸಿ ಹಾಕಿದ ಮನೆ, ಗಂಡ ದುಬೈಯಲ್ಲಿ. ಸೊಂಟಕ್ಕೆ ಕೈಯಿಟ್ಟು ಕೇಳಿದರು. "ನೀವು ಅವಳೊಬ್ಬಳಿಗೇ ಮದ್ದು ಕೊಡುವುದಾ? ಇಲ್ಲಿ ಮೋಡ ಕಟ್ಟಿದರೆ ಒಂಬತ್ತು ಮನೆಯಲ್ಲೂ ಯಾರೂ ಅನ್ನ ಬೇಯಿಸುವುದಿಲ್ಲ. ಎರಡು ವರ್ಷ ಆಯ್ತು, ತೋಡಿಗೆ ಕಾಲಿಟ್ಟವರಿಲ್ಲ. ಕಟ್ಟ ಹಾಕಲಿಲ್ಲ. ಮಾರ್ಚಿಗೆ ಬಾವಿ ಎಲ್ಲ ತಳ ಕಾಣ್ತದೆ."

ಕಟ್ಟ ಎಂದರೆ ತೋಡಿಗೆ ಅಡ್ಡ ಹಾಕುವ ತಾತ್ಕಾಲಿಕ ಒಡ್ಡು. ಮಳೆ ನಿಂತು ಹರಿವು ಮೊಣಕಾಲಿಗಿಳಿದಾಗ ಊರವರು ಸೇರಿ ಕಟ್ಟುತ್ತಾರೆ, ಬೇಸಗೆಯಿಡೀ ನೀರು ನಿಂತು ಬಾವಿಗಳಿಗೆ ಒರತೆ ಏರುತ್ತದೆ, ಮಳೆಗಾಲದ ಮೊದಲು ಬಿಚ್ಚುತ್ತಾರೆ. ನಾನು ಹನ್ನೊಂದು ವಾರ ಕೂತು ಬರೆದ ಟಿಪ್ಪಣಿಯಲ್ಲಿ ಈ ಮಾತು ಒಮ್ಮೆಯೂ ಬಂದಿರಲಿಲ್ಲ. ನಾನು ಕೇಳಿರಲಿಲ್ಲ.

ಮೂಡಬಿದಿರೆಗೆ ಹೋಗಿ ಹಿರಿಯ ವೈದ್ಯರಿಗೆ ಎಲ್ಲವನ್ನೂ ಹೇಳಿದೆ. ನನ್ನ ಕೆಲಸದ ಮೇಲ್ವಿಚಾರಣೆ ಅವರದೇ. ಗದರಲಿಲ್ಲ. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಊರಿನವರನ್ನೆಲ್ಲ ಸೇರಿಸಿ ಮಾತಾಡಿಸ್ತೇನೆ ಅಂತೀರಿ. ಸರಿ. ನಾಳೆ ಅವರು ನೀರಿಗೆ ಇಳೀಲಿಕ್ಕೆ ಹೊರಟರೆ? ಅಲ್ಲಿ ಆಕೆಗೆ ಏನಾದ್ರೂ ಆದ್ರೆ ನೀವು ಒಬ್ಬರೇ ಇರ್ತೀರಿ. ಇಂಜೆಕ್ಷನ್ ಇಲ್ಲ, ನರ್ಸ್ ಇಲ್ಲ."

"ಗೊತ್ತುಂಟು ಡಾಕ್ಟ್ರೇ."

"ಆಸ್ಪತ್ರೆಯ ಹೆಸರು ತರಬೇಡಿ. ರಜೆಯಲ್ಲಿ ಹೋಗಿ. ಹೋಗಬೇಡಿ ಅನ್ನುವುದೇ ನನ್ನ ಸಲಹೆ." ನಾನು ಬಾಗಿಲ ಬಳಿ ಬಂದಾಗ ಇನ್ನೊಂದು ಮಾತು ಸೇರಿಸಿದರು. "ಇದು ಆಕೆಗೆ ಬೇಕಾದದ್ದಾ, ನಿಮಗೆ ಬೇಕಾದದ್ದಾ? ಒಮ್ಮೆ ಯೋಚನೆ ಮಾಡಿ."

ಯೋಚಿಸಿದೆ. ಮಿಜಾರಿನ ಹುಡುಗಿ ಆ ಉತ್ತರದಲ್ಲಿ ಎಲ್ಲೋ ಇದ್ದಾಳೆ ಎಂಬುದಷ್ಟೇ ಗೊತ್ತಾಯಿತು.

ಮೊದಲ ಸಭೆ ಮೇಲಿನ ಮನೆಯ ಚಾವಡಿಯಲ್ಲಿ. ಹದಿನಾಲ್ಕು ಜನ ಬಂದರು, ಹೆಚ್ಚಿನವರು ಹೆಂಗಸರು. ನಾನು ಎಲ್ಲರನ್ನೂ ವೃತ್ತಾಕಾರದಲ್ಲಿ ಕೂರಿಸಿ, ತರಬೇತಿಯಲ್ಲಿ ಕಲಿತ ಹಾಗೆ, ಆ ದಿನವನ್ನು ನೆನೆದರೆ ಮೈಯಲ್ಲಿ ಎಲ್ಲಿ ಏನಾಗುತ್ತದೆ ಎಂದು ಹೇಳಿ ಎಂದೆ. ಒಬ್ಬಳಿಗೆ ನಗು ಬಂತು, ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅಕ್ಕ ಎದ್ದು ಕಂಬದ ಆಚೆಗೆ ಹೋದಳು. ಹಿರಿಯ ವೈದ್ಯರು ಸರಿ, ನಾನು ತಪ್ಪು ಎಂದುಕೊಂಡು ಚೀಲ ಎತ್ತಿಕೊಳ್ಳುವ ಹೊತ್ತಿಗೆ ಮೂಲೆಯಲ್ಲಿದ್ದ ಒಬ್ಬ ಅಜ್ಜ ಮೊಣಕಾಲು ಹಿಡಿದುಕೊಂಡು ಎದ್ದರು. ಹಿಂದೆ ಪ್ರತಿವರ್ಷ ಕಟ್ಟ ಹಾಕಿಸುತ್ತಿದ್ದವರು ಅವರೇ.

"ಹೀಗೆ ಸುಮ್ಮನೆ ಕೂರಲಿಕ್ಕೆ ನನಗೆ ಬೆನ್ನು ನೋವು ಮಾರಾಯ್ತಿ. ಕೆಲಸ ಇದ್ರೆ ಹೇಳಿ, ಬರ್ತೇನೆ."

"ಎಂತ ಕೆಲಸ ಅಜ್ಜ?"

"ಇಲ್ಲಿ ಉಳಿದಿರುವ ಕೆಲಸ ಒಂದೇ ಅಲ್ವಾ? ಕಟ್ಟ."

ಈಗ ಎಲ್ಲರೂ ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು. ಕಂಬದ ಆಚೆಯಿಂದ ಅಕ್ಕನ ದನಿ ಬಂತು: "ನಾನು ಮೇಲೆ ನಿಂತು ನೋಡ್ತೇನೆ. ಕೆಳಗೆ ಬಾ ಅಂತ ಯಾರೂ ಕರೆಯಬಾರ್ದು."

ಹಾಗೆ ಒಂದು ನಿಯಮವಾಯಿತು. ಯಾರೂ ಯಾರನ್ನೂ ಕೆಳಗೆ ಕರೆಯಬಾರದು. ಬಂದವರನ್ನು ಯಾಕೆ ಬಂದೆ ಎಂದೂ ಕೇಳಬಾರದು.

ನವೆಂಬರ್ ಕೊನೆಯಲ್ಲಿ ಕೆಲಸ ಶುರುವಾಯಿತು. ವಾರಕ್ಕೆ ಎರಡು ದಿನ ಕೆಲಸ, ಆ ಎರಡೂ ದಿನ ನಾನು ರಜೆ ಹಾಕಿದೆ. ಶುರುವಾಗುವ ಹಿಂದಿನ ಸಂಜೆ ಒಬ್ಬಳೇ ಹೋಗಿ ಕೋಲು ಊರಿ ತೋಡಿನ ಆಳ ನೋಡಿದೆ. ಎಲ್ಲೂ ಮೊಣಕಾಲಿಗಿಂತ ಮೇಲಿರಲಿಲ್ಲ. ಹಗ್ಗ ತಂದೆ. ಜೀಪಿನವನ ನಂಬರು, ಬೆಳ್ತಂಗಡಿಯ ವೈದ್ಯರೊಬ್ಬರ ನಂಬರು ಕಾಗದದಲ್ಲಿ ಬರೆದು ರವಿಕೆಯೊಳಗೆ ಇಟ್ಟುಕೊಂಡೆ.

ಅಜ್ಜ ಕಲ್ಲಿನ ಮೇಲೆ ಕೂತು ಹೇಳಿಕೊಡುತ್ತಿದ್ದರು. ಎರಡು ಬಂಡೆಗಳ ನಡುವೆ ತೋಡು ಕಿರಿದಾಗುವಲ್ಲಿ ಜಾಗ. ಮೊದಲು ತಳದ ಉರುಟು ಕಲ್ಲುಗಳನ್ನು ತೆಗೆಯಬೇಕು, ಇಲ್ಲದಿದ್ದರೆ ನೀರು ಅಡಿಯಿಂದಲೇ ನುಸುಳುತ್ತದೆ. ಆಮೇಲೆ ಒಂದೂವರೆ ಮೊಳ ಅಂತರದಲ್ಲಿ ಎರಡು ಸಾಲು ಗೂಟ. ಗೂಟಗಳಿಗೆ ಬಿದಿರಿನ ಸೀಳು ಹೆಣೆದು, ಒಳಗೆ ಸೊಪ್ಪು ತುರುಕಿ, ಎರಡು ಸಾಲಿನ ನಡುವೆ ತುಳಿದು ಹದ ಮಾಡಿದ ಜೇಡಿಮಣ್ಣು. ಮಣ್ಣನ್ನು ಪಕ್ಕದ ಗದ್ದೆಯ ಜೈನ ಯಜಮಾನರು, ಬೇಕಾದಷ್ಟು ತೆಗೆಯಿರಿ, ಹೊಂಡ ಮಾತ್ರ ಮುಚ್ಚಿ ಎಂದು ಕೊಟ್ಟರು. ಹರಿವಿನ ಕಡೆಗೆ ಮರಳು ತುಂಬಿದ ಗೋಣಿ, ಅದರ ಮೇಲೆ ಟಾರ್ಪಾಲು. ಎರಡು ದಡದಿಂದಲೂ ಕಟ್ಟುತ್ತಾ ಬಂದು ನಡುವೆ ಒಂದು ಬಾಯಿ ಬಿಡಬೇಕು. ಆ ಬಾಯಿ ಮುಚ್ಚುವುದೇ ಕೊನೆಯ ಮತ್ತು ಕಷ್ಟದ ಕೆಲಸ.

ಅಕ್ಕ ಮೊದಲ ದಿನ ಹಟ್ಟಿಯ ಗೋಡೆಗೆ ಒರಗಿ ನಿಂತಿದ್ದಳು. ಎರಡನೆಯ ದಿನ ಚಹಾದ ಪಾತ್ರೆ ಹಿಡಿದುಕೊಂಡು ಅರ್ಧ ದಾರಿ ಬಂದು ಅಲ್ಲೇ ಇಟ್ಟು ಹೋದಳು. ಮೂರನೆಯ ದಿನ ದಡದ ಮೇಲೆ ಕೂತು ಗೋಣಿಯ ಬಾಯಿ ಕಟ್ಟತೊಡಗಿದಳು. ಬಲಗೈ ಹಿಡಿತಕ್ಕೆ ಬಾರದೆ ಹಗ್ಗದ ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಎಳೆಯುತ್ತಿದ್ದಳು. ನಾನು ನೋಡಿಯೂ ನೋಡದ ಹಾಗೆ ಬುಟ್ಟಿಗೆ ಮಣ್ಣು ತುಂಬಿದೆ. ಅವಳ ಮುಖದ ಪ್ರತಿ ಬದಲಾವಣೆಯನ್ನೂ ಲೆಕ್ಕ ಹಿಡಿಯುವ ನನ್ನ ಹಳೆಯ ಚಾಳಿ ಒಳಗೆ ಒದ್ದಾಡುತ್ತಿತ್ತು.

ಐದನೆಯ ದಿನ ಸಂಜೆ ಅಕಾಲದ ಮಳೆ ಬಂತು.

ನಾನು ಮೂಡಬಿದಿರೆಯ ಮನೆಯಲ್ಲಿದ್ದೆ. ಮಳೆಯ ಸದ್ದು ಕೇಳಿದಾಗ ಕೈಯಲ್ಲಿದ್ದ ತಟ್ಟೆ ಕೆಳಗಿಟ್ಟೆ. ಅಕ್ಕನ ಫೋನು ಇನ್ನೂ ಸರಿಯಾಗಿರಲಿಲ್ಲ. ಮೇಲಿನ ಮನೆಗೆ ಕರೆ ಹೋಗಲಿಲ್ಲ. ಒಂದು ಗಂಟೆಯ ಮೇಲೆ ಅಕ್ಕನ ಗಂಡನೇ ಕರೆ ಮಾಡಿದ. ಬೆಳ್ತಂಗಡಿಯಲ್ಲಿ ಆಟೋ ಓಡಿಸುವವನು. ನನ್ನ ಕೋಣೆಗೂ ಬಂದವನಲ್ಲ, ಕಟ್ಟದ ಕೆಲಸಕ್ಕೂ ಬಂದವನಲ್ಲ.

"ಎಂತ ಮಾಡಿದ್ದು ಮೇಡಂ ನೀವು? ಅರ್ಧ ಕಟ್ಟ ಹೋಯ್ತು. ಅವಳು ಒಳಗೆ ಬಾಗಿಲು ಹಾಕಿ ಕೂತಿದ್ದಾಳೆ, ಕರೆದರೂ ಮಾತಿಲ್ಲ. ಎರಡು ವರ್ಷದಲ್ಲಿ ಸ್ವಲ್ಪ ಮರೆತಿದ್ದಳು. ನೀವು ಬಂದು ಪುನಃ ಎಬ್ಬಿಸಿದಿರಿ."

ಅವಳನ್ನು ಒಬ್ಬಳೇ ಬಿಡಬೇಡಿ, ಬಾಗಿಲಿನ ಈಚೆ ಕೂತಿರಿ, ಮಾತಾಡದಿದ್ದರೂ ಪರವಾಗಿಲ್ಲ ಎಂದೆ. ಮೇಲಿನ ಮನೆಯವರನ್ನು ಕರೆಯಲು ಹೇಳಿದೆ. ಆಮೇಲೆ ಎರಡು ಸಲ ಕರೆ ಮಾಡಿ ವಿಚಾರಿಸಿದೆ. ಬಾಗಿಲು ತೆರೆದಿದ್ದಾಳೆ, ಮೇಲಿನ ಮನೆಯವರು ಜೊತೆಗಿದ್ದಾರೆ ಎಂದು ತಿಳಿಯಿತು. ಇದು ಯಾರಿಗೆ ಬೇಕಾದದ್ದು ಎಂಬ ಪ್ರಶ್ನೆಗೆ ಈಗ ಉತ್ತರ ಕೊಡಬೇಕಾಗಿತ್ತು. ಕೆಲಸ ನಿಲ್ಲಿಸಿಬಿಡಿ, ತಪ್ಪು ನನ್ನದು ಎಂದು ಎಲ್ಲರೆದುರು ಹೇಳುವುದೆಂದು ತೀರ್ಮಾನಿಸಿ ಮರುದಿನ ಮೊದಲ ಬಸ್ಸು ಹತ್ತಿದೆ.

ತೋಡಿಗೆ ಇಳಿದಾಗ ಅಜ್ಜ ನೀರಿನಲ್ಲಿದ್ದರು. ಅವರ ಜೊತೆ, ಪ್ಯಾಂಟು ಮಡಚಿಕೊಂಡು, ಅಕ್ಕನ ಗಂಡ. ಕೊಚ್ಚಿಹೋದ ಗೋಣಿಗಳನ್ನು ಎಳೆದು ದಡಕ್ಕೆ ಹಾಕುತ್ತಿದ್ದರು. ಅಕ್ಕ ಹಿಂದಿನ ಜಾಗದಲ್ಲೇ ಕೂತಿದ್ದಳು, ಕಣ್ಣು ಊದಿತ್ತು.

"ನಾನು ಕಟ್ಟ ಹಾಕಲಿಕ್ಕೆ ಬಂದದ್ದಲ್ಲ" ಎಂದ ಗಂಡ, ನಾನು ಏನೂ ಕೇಳುವ ಮೊದಲೇ. "ಅಜ್ಜ ಒಬ್ಬರೇ ಇಳಿದದ್ದು ನೋಡಿ ಬಂದೆ. ಸಾಮಾನು ಎತ್ತಿಕೊಟ್ಟು ಹೋಗ್ತೇನೆ."

ನಾನು ಹೇಳಬೇಕೆಂದು ಬಂದದ್ದನ್ನು ಹೇಳಿದೆ. ಅಜ್ಜ ಸೊಂಟ ನೆಟ್ಟಗೆ ಮಾಡಿ ನಿಂತು ಕೇಳಿದರು. "ಮೊದಲ ಸಲ ಹೋಗದ ಕಟ್ಟ ಯಾವುದುಂಟು? ನನ್ನ ಲೆಕ್ಕದಲ್ಲಿ ಗೂಟ ಎಲ್ಲ ನಿಂತಿದೆ. ಮಣ್ಣು ಮಾತ್ರ ಹೋದದ್ದು." ಆಮೇಲೆ ಅಕ್ಕನ ಕಡೆ ತಿರುಗಿ, "ನಿಲ್ಲಿಸುವುದಾ?" ಎಂದರು.

ಅಕ್ಕ ಒಂದು ಖಾಲಿ ಗೋಣಿ ಎಳೆದುಕೊಂಡು ಮರಳು ತುಂಬತೊಡಗಿದಳು. ನಾನೂ ಹೋಗಿ ಅವಳೆದುರು ಗೋಣಿಯ ಬಾಯಿ ಅಗಲಿಸಿ ಹಿಡಿದೆ. ಆ ಕ್ಷಣದಲ್ಲಿ ಅದು ನಿರ್ಧಾರ ಎಂದು ನನಗೆ ತಿಳಿದಿರಲಿಲ್ಲ.

ಸಾಮಾನು ಎತ್ತಿಕೊಟ್ಟು ಹೋಗುತ್ತೇನೆ ಎಂದ ಗಂಡ ಹೋಗಲಿಲ್ಲ. ಮಳೆ ಹೋದ ಮೂರನೆಯ ದಿನ, ಉಳಿದವರೂ ಒಬ್ಬೊಬ್ಬರಾಗಿ ಬಂದ ಮೇಲೆ, ಅವನೂ ಅಜ್ಜನೂ ಗೂಟದ ಸಾಲುಗಳ ನಡುವೆ ನಿಂತು ಜೇಡಿ ತುಳಿಯುತ್ತಿದ್ದರು. ನಾನು ಟಾರ್ಪಾಲಿನ ಒಂದು ತುದಿ ಹಿಡಿದಿದ್ದೆ, ಇನ್ನೊಂದು ತುದಿ ಮೇಲಿನ ಮನೆಯ ಹೆಂಗಸಿನ ಕೈಯಲ್ಲಿ. ಅಕ್ಕ ನಾಲ್ಕು ಹೆಜ್ಜೆ ದೂರದಲ್ಲಿ. ತುಳಿಯುತ್ತಾ ತುಳಿಯುತ್ತಾ, ತಲೆ ಎತ್ತದೆ, ಅವನು ಅಜ್ಜನಿಗೆ ತುಳುವಿನಲ್ಲಿ ಹೇಳಿದ:

"ಆ ದಿನ ಬೆಳಿಗ್ಗೆ ಅವಳು ಫೋನ್ ಮಾಡಿದ್ದಳು ಅಜ್ಜ. ನೀರು ಏರ್ತಾ ಉಂಟು, ಅಮ್ಮನನ್ನು ಕರ್ಕೊಂಡು ಮೇಲಿನ ಮನೆಗೆ ಹೋಗ್ಲಾ ಅಂತ. ಮನೆಯಲ್ಲೇ ಇರು, ಈ ತೋಡು ಎಲ್ಲಿ ಏರ್ತದೆ ಅಂತ ನಾನೇ ಹೇಳಿದ್ದು."

ಅಜ್ಜ ತುಳಿಯುವುದನ್ನು ನಿಲ್ಲಿಸಲಿಲ್ಲ. "ನಾನೂ ಹಾಗೆಯೇ ಹೇಳ್ತಿದ್ದೆ" ಎಂದರು. "ಎಪ್ಪತ್ತು ವರ್ಷ ಏರಿರಲಿಲ್ಲ."

ಹನ್ನೊಂದು ಭೇಟಿಗಳಲ್ಲಿ ಅಕ್ಕ ಒಮ್ಮೆಯೂ ಆ ಫೋನಿನ ಮಾತು ಎತ್ತಿರಲಿಲ್ಲ. ಗಂಡನನ್ನು ಬಿಟ್ಟುಕೊಟ್ಟಿರಲಿಲ್ಲ. ಕಲಿತ ವಿದ್ಯೆಯೆಲ್ಲ ಒಟ್ಟಿಗೆ ಎದ್ದು ನಿಂತಿತು: ಈಗ ಇಬ್ಬರನ್ನೂ ಎದುರುಬದುರು ಕೂರಿಸು, ಕೇಳು, ಹೇಳಿಸು. ಟಾರ್ಪಾಲು ಬಿಟ್ಟರೆ ಒದ್ದೆ ಮಣ್ಣು ಹೋಗುತ್ತದೆ. ಬಿಡಲಿಲ್ಲ. ತಿರುಗಿ ನೋಡಲೂ ಇಲ್ಲ. ಸ್ವಲ್ಪ ಹೊತ್ತಿನ ಮೇಲೆ ಅಕ್ಕ ಮೂಗು ಸೀಟಿದ ಸದ್ದು ಕೇಳಿತು. "ಆಚೆ ಬದಿಗೆ ಮಣ್ಣು ಕಡಿಮೆ ಉಂಟು" ಎಂದು ಗಂಡನಿಗೆ ಹೇಳಿದ್ದೂ ಕೇಳಿತು.

ಬಾಯಿ ಮುಚ್ಚುವ ದಿನ ಬಂತು. ಒಂದು ಸಂಗತಿಯನ್ನು ನಾನು ಮುಂಚಿತವಾಗಿ ಊಹಿಸಬೇಕಿತ್ತು, ಊಹಿಸಿರಲಿಲ್ಲ. ಬಾಯಿ ಕಿರಿದಾದಷ್ಟೂ ನೀರಿನ ಸದ್ದು ಹೆಚ್ಚುತ್ತದೆ. ಎರಡು ಮೊಳ ಇದ್ದಾಗ ಗುಳುಗುಳು; ಒಂದು ಮೊಳಕ್ಕೆ ಬಂದಾಗ ಪಕ್ಕದವರ ಮಾತು ಕೇಳದಷ್ಟು ಭೋರ್ಗರೆತ. ದಡದಿಂದ ಬಾಯಿಯವರೆಗೆ ಸಾಲಾಗಿ ನಿಂತು ಗೋಣಿ ದಾಟಿಸುತ್ತಿದ್ದೆವು. ಯಾವಾಗಲೋ ಅಕ್ಕ ಆ ಸಾಲಿಗೆ ಬಂದು ಸೇರಿದ್ದಳು. ಯಾರೂ ಕರೆದಿರಲಿಲ್ಲ. ನೀರು ಅವಳ ಮೊಣಕಾಲಿನ ಕೆಳಗಿತ್ತು. ಸದ್ದು ಏರಿದ ಹಾಗೆ ಅವಳ ಕೈಗಳು ಗೋಣಿಯ ಮೇಲೆ ಬಿಗಿದವು. ಕಣ್ಣು ಒಂದೇ ಕಡೆ ನಿಂತಿತು. ಉಸಿರು ಮೇಲೆ ಮೇಲೆ ಓಡತೊಡಗಿತು.

ನಾನು ಹತ್ತಿರ ಹೋದೆ. "ಅಕ್ಕ, ನಿಮ್ಮ ಎದುರು ಕಾಣುವ ಐದು ವಸ್ತುಗಳನ್ನು ಹೇಳಿ." ಗಾಬರಿ ಇಳಿಸಲು ಕಲಿತ ಉಪಾಯ ಅದು; ನನ್ನ ಬಾಯಿಂದ ಬಂದದ್ದು ಅದೇ ಕೋಣೆಯ ಕನ್ನಡ. ಅವಳಿಗೆ ಕೇಳಿಸಲೇ ಇಲ್ಲ. ಇನ್ನೊಮ್ಮೆ ಹೇಳಿದೆ. ಅವಳನ್ನು ಎತ್ತಿಕೊಂಡು ದಡಕ್ಕೆ ಹೋಗಬೇಕೋ, ಮುಟ್ಟಿದರೆ ಇನ್ನೂ ಬೆದರುತ್ತಾಳೋ ತಿಳಿಯಲಿಲ್ಲ. ಹಗ್ಗ ಎಲ್ಲಿಟ್ಟಿದ್ದೇನೆ ಎಂಬುದೂ ಮರೆತುಹೋಯಿತು.

ಅವಳ ಮುಂದೆ ನಿಂತಿದ್ದ ಮೇಲಿನ ಮನೆಯ ಹೆಂಗಸು ಕೈ ಚಾಚಿ, ದಿನಾ ಕೇಳುವ ದನಿಯಲ್ಲೇ ಕಿರುಚಿದರು: "ಗೋಣಿ ಕೊರ್ಲ! ನೀರು ನುಗ್ತಾ ಉಂಟು, ಕೊಡು ಇಲ್ಲಿ!"

ಅಕ್ಕ ಕೊಡಲಿಲ್ಲ. ಹಿಂದಿನಿಂದ ಗಂಡ ಬಂದು ಗೋಣಿಯ ಇನ್ನೊಂದು ತುದಿ ಹಿಡಿದ. ಅವಳು ಬಿಡಲಿಲ್ಲ. ಹಾಗೆಯೇ ಇಬ್ಬರೂ ಹೊತ್ತುಕೊಂಡು ನಾಲ್ಕು ಹೆಜ್ಜೆ ನಡೆದು ಬಾಯಿಯಲ್ಲಿ ಇಳಿಸಿದರು. ಅಜ್ಜ ಮೇಲಿನಿಂದ ಕಾಲಿಟ್ಟು ಒತ್ತಿದರು. ಇನ್ನೊಂದು ಗೋಣಿ, ಇನ್ನೊಂದು. ನೋಡನೋಡುತ್ತಿದ್ದಂತೆ ಸದ್ದು ನಿಂತುಹೋಯಿತು.

ಅಕ್ಕ ದಡಕ್ಕೆ ಬಂದು ಕುಸಿದು ಕೂತು ಬಹಳ ಹೊತ್ತು ನಡುಗಿದಳು. ಮೇಲಿನ ಮನೆಯ ಹೆಂಗಸು ಒಂದು ಪಕ್ಕ, ನಾನು ಇನ್ನೊಂದು ಪಕ್ಕ. ಅವಳಿಗೆ ಒಳ್ಳೆಯದಾಯಿತೋ ಕೇಡಾಯಿತೋ ಎಂದು ನನಗೆ ಆ ದಿನ ಗೊತ್ತಾಗಲಿಲ್ಲ. ಒಂದು ವಾರ ನಾನು ಸರಿಯಾಗಿ ನಿದ್ದೆ ಮಾಡಲಿಲ್ಲ.

ಬಾಗಿಲು ದಾಟಿದ ಮೇಲೆ ನಡೆದದ್ದನ್ನು ಅಕ್ಕ ಆಮೇಲೆ ಹೇಳಿದಳಂತೆ, ನನಗಲ್ಲ, ಮೇಲಿನ ಮನೆಯ ಹೆಂಗಸಿಗೆ, ಇಬ್ಬರೂ ಕೂತು ಬೀಡಿ ಎಲೆ ಕತ್ತರಿಸುವಾಗ. ನಾನು ಅದನ್ನು ಇಂದಿಗೂ ಕೇಳಿಲ್ಲ. ಅವಳ ಕೈಯ ಜೋಮು ಕಡಿಮೆಯಾಯಿತು. ಎರಡು ಬೆರಳುಗಳಲ್ಲಿ ಉಳಿದೇ ಇದೆ. ಬೆಳ್ತಂಗಡಿಯ ವೈದ್ಯರು ಕೊಟ್ಟ ನಿದ್ದೆಯ ಮಾತ್ರೆಯನ್ನು ಫೆಬ್ರವರಿವರೆಗೆ ತೆಗೆದುಕೊಂಡಳು. ಕೋಣೆ ಬೇಡ, ಮಾತ್ರೆ ಬೇಡ ಎಂದು ನಾನು ಯಾರಿಗೂ ಹೇಳುವುದಿಲ್ಲ. ಕೋಣೆಯೇ ಬೇಕಾದವರನ್ನು ಕಂಡಿದ್ದೇನೆ. ನನಗೆ ಮಾತ್ರ ಇನ್ನು ಅಲ್ಲಿ ಕೂತು ಕಾಯಲಾಗದು ಎನಿಸಿತ್ತು. ಇನ್ನು ಊರುಗಳಿಗೇ ಹೋಗಿ ಕೆಲಸ ಮಾಡುತ್ತೇನೆಂದು ಬರೆದು ಮಾರ್ಚಿನಲ್ಲಿ ರಾಜೀನಾಮೆ ಕೊಟ್ಟೆ. ಹಿರಿಯ ವೈದ್ಯರು ಓದಿ, "ಮದ್ದು ಬೇಕಾದವರನ್ನು ನನ್ನಲ್ಲಿಗೆ ಕಳಿಸಿ. ತಡ ಮಾಡಬೇಡಿ" ಎಂದರು. ಆ ಮಾತನ್ನು ಪಾಲಿಸುತ್ತಿದ್ದೇನೆ.

ಮೇ ಕೊನೆಯಲ್ಲಿ ಕಟ್ಟ ಬಿಚ್ಚಿದ ದಿನ ಒಂಬತ್ತು ಮನೆಯವರೂ ದಡದಲ್ಲಿ ಕೂತು ಒಂದು ಒಪ್ಪಂದ ಮಾಡಿಕೊಂಡರು. ಬಂಡೆಯ ಮೇಲೆ ಅಜ್ಜ ಬಣ್ಣದಲ್ಲಿ ಒಂದು ಗೆರೆ ಎಳೆದರು. ನೀರು ಅಲ್ಲಿಗೆ ಬಂದರೆ ಯಾರೂ ಯಾರನ್ನೂ ಕೇಳುವುದಿಲ್ಲ, ಎಲ್ಲರೂ ಮೇಲಿನ ಮನೆಗೆ. ಮನೆಮನೆಗೆ ಹೋಗಿ ಎಬ್ಬಿಸುವವರು ಯಾರು ಎಂದಾಗ ಅಕ್ಕ, "ನಾನು ಹೋಗ್ತೇನೆ" ಎಂದಳು. ನನಗೆ ಬೇಡ ಎನ್ನಬೇಕೆನಿಸಿತ್ತು.

ಜುಲೈಯಲ್ಲಿ ಒಂದು ಮಧ್ಯಾಹ್ನ ಫರಂಗಿಪೇಟೆಯಲ್ಲಿ ಬಸ್ಸಿಗೆ ಕಾಯುತ್ತಿದ್ದೆ. ಆಕಾಶ ಕಪ್ಪಿಟ್ಟು, ಹೆದ್ದಾರಿಯ ವಾಹನಗಳೆಲ್ಲ ದೀಪ ಹಾಕಿಕೊಂಡಿದ್ದವು. ಫೋನು ತೆಗೆದು ಅಕ್ಕನ ನಂಬರು ಒತ್ತಿದೆ. ನಾಲ್ಕು ಸಲ ಹೋಯಿತು, ಎತ್ತಲಿಲ್ಲ. ಐದನೆಯ ಸಲ ಎತ್ತಿದಳು. ಮಳೆಯ ಸದ್ದಿನಲ್ಲಿ ಅವಳ ದನಿ ಹರಿದು ಹರಿದು ಬರುತ್ತಿತ್ತು.

"ನೀರು ಗೆರೆ ದಾಟಿತು ಮೇಡಂ. ಆರು ಮನೆಯವರು ಮೇಲೆ ಹೋಗಿ ಆಯ್ತು."

"ನೀವು ಹೇಗಿದ್ದೀರಿ? ಹೆದರಿಕೆ ಆಗ್ತಾ ಉಂಟಾ?"

"ಆಗದೆ ಹೇಗೆ ಮೇಡಂ? ಕೈಕಾಲು ನಡುಗ್ತಾ ಉಂಟು." ಫೋನಿನಿಂದ ಮುಖ ತಿರುಗಿಸಿ ಯಾರಿಗೋ ತುಳುವಿನಲ್ಲಿ ಗದರಿದಳು: ಪಾತ್ರೆ ಅಲ್ಲೇ ಇರಲಿ, ನೀವು ಏಳಿ, ನನ್ನ ಕೈ ಹಿಡಿಯಿರಿ ಅಂದೆ! ಆಮೇಲೆ ನನಗೆ, "ಈಗ ಇಡ್ತೇನೆ ಮೇಡಂ, ಇನ್ನೂ ಎರಡು ಮನೆ ಉಂಟು."